ಟರ್ಬಿನಾಫಿನ್‌ಗೆ ಬಗ್ಗದ ಗಜಕರ್ಣ: ಡೋಸ್ ಏರಿಸೋದಾ, ಮಾತ್ರೆ ಬದಲಿಸೋದಾ?

ಮಾತ್ರೆಡಬ್ಬಿ ಕೇಳಿದ್ದು:

ಪ್ರಕರಣ ಇಷ್ಟು. ವಯಸ್ಕ ಗಂಡಸು, ತೂಕ 60 ಕೆಜಿ. ತೊಡೆಸಂದಿಯಲ್ಲಿ ಶುರುವಾಗಿ ಸೊಂಟ, ಪಿರ್ರೆವರೆಗೂ ಹರಡಿರೋ ಹುಳುಕಡ್ಡಿ. ಶಿಲೀಂಧ್ರ ಕೊಲ್ಲೋ ಟರ್ಬಿನಾಫಿನ್ ಮಾತ್ರೆ 250 ಮಿಗ್ರಾಂ ದಿನಕ್ಕೊಂದರಂತೆ 4 ವಾರ, ಆಮೇಲೆ ದಿನಕ್ಕೆರಡರಂತೆ 2 ವಾರ ಆಗಿದೆ. ನಡುಭಾಗ ಒಂದಿಷ್ಟು ತಿಳಿಯಾಗಿದೆ, ಅಂಚು ಮಾತ್ರ ಕೆಂಪಗೆ ಉಬ್ಬಿಕೊಂಡು ಮುಂದೆ ಸರೀತಾನೇ ಇದೆ. ಮಧ್ಯೆ ಮಧ್ಯೆ ಕ್ಲೊಬೆಟಾಸೋಲ್ ಅನ್ನೋ ಜೋರು ಸ್ಟಿರಾಯ್ಡ್ ಸೇರಿದ ನಾಲ್ಕು ಔಷಧದ ಮುಲಾಮು ಹಚ್ಚಿದ್ದಾರೆ. ಹಚ್ಚಿದ ಎರಡು ದಿನ ತುರಿಕೆ ಮಾಯ, ಬಿಟ್ಟ ಮೇಲೆ ದುಪ್ಪಟ್ಟು. ಬೆಳಗ್ಗೆ ಆಸಿಡಿಟಿಗೆ ಪ್ಯಾಂಟೊಪ್ರಜೋಲ್ 40, ರಾತ್ರಿ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ 40 ನಡೀತಿದೆ.

ಹಳೇ ಪಠ್ಯಗಳ ಪ್ರಕಾರ 2ರಿಂದ 4 ವಾರಕ್ಕೆ ಮುಗೀಬೇಕಿತ್ತು. ಡೋಸ್ ಇನ್ನೂ ಏರಿಸೋದಾ, ಬೇರೆ ವರ್ಗದ ಶಿಲೀಂಧ್ರ ಔಷಧವಾದ ಇಟ್ರಾಕೊನಜೋಲ್‌ಗೆ ಹೋಗೋದಾ? ಹೋದ್ರೆ 200 ಸಾಕಾ, 400 ಬೇಕಾ? ಕಲ್ಚರ್ (ಲ್ಯಾಬಿನಲ್ಲಿ ಶಿಲೀಂಧ್ರ ಬೆಳೆಸಿ ನೋಡೋದು) ಮಾಡಿಸಿದ್ರೆ ಏನಾದ್ರೂ ಪ್ರಯೋಜನ ಇದೆಯಾ? ಬರೆದುಕೊಡೋದು ಚರ್ಮವೈದ್ಯರೇ, ಅದರಲ್ಲಿ ಅನುಮಾನ ಇಲ್ಲ. ಅವರ ಮುಂದೆ ಏನು ಇಡಬೇಕು, ಏನು ಕೇಳಬೇಕು ಅನ್ನೋದು ಪ್ರಶ್ನೆ.

---

ಬೂಷ್ಟುಪಂಡಿತ:

ಡೋಸ್ ಏರಿಸಿ ಪ್ರಯೋಜನ ಇಲ್ಲ. ಯಾಕೆ ಅಂದ್ರೆ, ಟರ್ಬಿನಾಫಿನ್ ಹಿಡಿಯೋದು ಶಿಲೀಂಧ್ರದ ಸ್ಕ್ವಾಲಿನ್ ಎಪಾಕ್ಸಿಡೇಸ್ ಅನ್ನೋ ಕಿಣ್ವವನ್ನ. ಆ ಕಿಣ್ವ ನಿಂತ್ರೆ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗಲ್ಲ. ಜೊತೆಗೆ ಸ್ಕ್ವಾಲಿನ್ ಒಳಗೇ ತುಂಬಿಕೊಂಡು ಕೋಶವನ್ನ ಕೊಲ್ಲುತ್ತೆ. ನಮ್ಮಲ್ಲಿ ಈಗ ಹರಡಿರೋ ತಳಿಗಳಲ್ಲಿ ಆ ಕಿಣ್ವದ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುತ್ತೆ: 397ನೇ ಜಾಗದಲ್ಲಿ ಫಿನೈಲ್‌ಅಲನಿನ್ ಹೋಗಿ ಲ್ಯೂಸಿನ್, ಅಥವಾ 393ನೇ ಜಾಗದಲ್ಲಿ ಲ್ಯೂಸಿನ್ ಹೋಗಿ ಫಿನೈಲ್‌ಅಲನಿನ್ ಇಲ್ಲವೇ ಸೆರಿನ್. ಔಷಧ ಕೂರೋ ಜಾಗವೇ ಅದು. ಸಾಮಾನ್ಯ ತಳಿಯ ಬೆಳವಣಿಗೆ ನಿಲ್ಲಿಸೋಕೆ ಮಿಲಿಲೀಟರಿಗೆ 0.1 ಮೈಕ್ರೊಗ್ರಾಂ ಆಸುಪಾಸು ಅಥವಾ ಅದಕ್ಕೂ ಕಡಿಮೆ ಸಾಕು. ಇಂಥವಕ್ಕೆ 4ರಿಂದ 32, ಕೆಲವಕ್ಕೆ ಅದಕ್ಕೂ ಮೇಲೆ. ಹತ್ತಾರು, ನೂರಾರು ಪಟ್ಟು ಸರಿದಿರೋದನ್ನ ಮಾತ್ರೆ ಎರಡು ಮಾಡಿ ಮುಟ್ಟೋಕಾಗಲ್ಲ.

ಈ ಶಿಲೀಂಧ್ರಕ್ಕೆ ಈಗ ಬೇರೆ ಹೆಸರೇ ಇದೆ: ಟ್ರೈಕೊಫೈಟಾನ್ ಇಂಡೊಟಿನಿಯೆ. ಮೊದಲು ಮೆಂಟಾಗ್ರೊಫೈಟಿಸ್‌ನ 8ನೇ ಜಿನೋಟೈಪ್ ಅಂತಿದ್ರು. 2020ರಲ್ಲಿ ಜಪಾನಿನ ಸಂಶೋಧಕರು ಬೇರೆ ಜಾತಿ ಅಂತ ವಿವರಿಸಿದ್ರು. 2018ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನದಲ್ಲೇ ಸುಮಾರು ಮೂರನೇ ಒಂದು ಪಾಲು ಮಾದರಿಗಳು ಟರ್ಬಿನಾಫಿನ್‌ಗೆ ಬಗ್ಗಿರಲಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ನ್ಯೂಯಾರ್ಕಿನ ಇಬ್ಬರು ರೋಗಿಗಳ ವರದಿ ಕೊಟ್ಟಿತು. ಅವರಲ್ಲಿ ಒಬ್ಬರು ಇತ್ತೀಚೆಗೆ ಹೊರದೇಶಕ್ಕೆ ಹೋದವರೇ ಅಲ್ಲ.

ಔಷಧಗಳ ನೇರ ಹೋಲಿಕೆ ಬೇಕು ಅಂದ್ರೆ ವಾರಾಣಸಿಯ ಪ್ರಯೋಗ ನೋಡಿ, 200 ರೋಗಿಗಳು, ನಾಲ್ಕು ಗುಂಪು. 8 ವಾರಕ್ಕೆ ಪೂರ್ತಿ ಗುಣವಾದವರು ಇಟ್ರಾಕೊನಜೋಲ್‌ನಲ್ಲಿ ಶೇ 66, ಫ್ಲುಕೊನಜೋಲ್‌ನಲ್ಲಿ ಶೇ 42, ಟರ್ಬಿನಾಫಿನ್‌ನಲ್ಲಿ ಶೇ 28, ಗ್ರಿಸಿಯೊಫಲ್ವಿನ್‌ನಲ್ಲಿ ಶೇ 14. ಅಲ್ಲಿ ಟರ್ಬಿನಾಫಿನ್ ಕೊಟ್ಟಿದ್ದೇ ಕೆಜಿಗೆ 7.5 ಮಿಗ್ರಾಂ, 60 ಕೆಜಿಗೆ 450 ಆಯ್ತು. ಅಂದ್ರೆ ನೀವು ಕೇಳ್ತಿರೋ "ಏರಿಸಿದ ಡೋಸ್" ಸೋತಿರೋ ಲೆಕ್ಕ ಅದು. ಇನ್ನೊಂದು ಅಂಕಿ ಹೆಚ್ಚು ಜನ ಗಮನಿಸಲ್ಲ: 4 ವಾರದ ಹೊತ್ತಿಗೆ ಯಾವ ಗುಂಪಿನಲ್ಲೂ ಗುಣವಾದವರು ಶೇ 8 ದಾಟಿರಲಿಲ್ಲ. "ತಿಂಗಳು ನುಂಗಿದ್ರೂ ಹೋಗಿಲ್ಲ" ಅನ್ನೋದು ಈ ಕಾಯಿಲೆಯಲ್ಲಿ ಸೋಲಿನ ಲಕ್ಷಣವೇ ಅಲ್ಲ.

---

ಕವರ್‌ಸ್ಲಿಪ್:

ಮೇಲಿನದು ಸರಿ, ಆದರೆ ಒಂದು ತಕರಾರು. ಇಲ್ಲಿವರೆಗೆ ಯಾರೂ ಕೆರೆದು ನೋಡಿಲ್ಲ. ಕ್ಲೊಬೆಟಾಸೋಲ್ ಬಿದ್ದಿರೋ ಚರ್ಮದಲ್ಲಿ ಕಣ್ಣಳತೆ ನಂಬೋಕಾಗಲ್ಲ. ಸೋರಿಯಾಸಿಸ್, ಎಕ್ಸಿಮಾ ಕೂಡ ಹೀಗೇ ವೇಷ ಹಾಕ್ತವೆ. ಉಂಗುರದೊಳಗೆ ಇನ್ನೊಂದು ಉಂಗುರ ಕಂಡರೆ ಸ್ಟಿರಾಯ್ಡ್ ತಿಂದ ಗಜಕರ್ಣ ಅನ್ನೋ ಅನುಮಾನ ಗಟ್ಟಿ.

ಕೆಒಎಚ್ ಪರೀಕ್ಷೆ (ಕೆರೆದ ಹೊಟ್ಟನ್ನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿಟ್ಟು ಮೈಕ್ರೊಸ್ಕೋಪಿನಲ್ಲಿ ನೋಡೋದು) ಹತ್ತಿಪ್ಪತ್ತು ನಿಮಿಷದ ಕೆಲಸ. ಕೆಡೋದು ಮಾದರಿ ತೆಗೆಯೋದ್ರಲ್ಲೇ. ಶೇ 70 ಆಲ್ಕೊಹಾಲ್‌ನಲ್ಲಿ ಒರೆಸಿ ಪೂರ್ತಿ ಆರಲು ಬಿಡಬೇಕು, ಇಲ್ಲದಿದ್ರೆ ಮುಲಾಮಿನ ಜಿಡ್ಡೇ ಸ್ಲೈಡ್ ತುಂಬಾ ಹನಿಹನಿಯಾಗಿ ಕೂತಿರುತ್ತೆ. ಕೆರೀಬೇಕಾದ್ದು ಸರೀತಿರೋ ಅಂಚನ್ನ, ತಿಳಿಯಾದ ನಡುಭಾಗವನ್ನಲ್ಲ. ಮೊಂಡು ಬ್ಲೇಡನ್ನ ಓರೆಯಾಗಿ ಹಿಡಿದು ಒಳಗಿಂದ ಹೊರಕ್ಕೆ ಎಳೀಬೇಕು. ಹೊಟ್ಟು ಕಪ್ಪು ಕಾಗದದ ಮೇಲೆ ಬಿದ್ರೆ ಎಷ್ಟು ಸಿಕ್ಕಿತು ಅಂತ ಕಾಣುತ್ತೆ. ಶೇ 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ, ಮೇಲೆ ಕವರ್‌ಸ್ಲಿಪ್, 10ರಿಂದ 20 ನಿಮಿಷ ಕಾಯೋದು. ಬೆಂಕಿಗೆ ಹಿಡಿದು ಅವಸರ ಮಾಡಿದ್ರೆ ಹನಿ ಒಣಗಿ ಹರಳುಗಟ್ಟುತ್ತೆ, ಆ ಹರಳನ್ನೇ ಶಿಲೀಂಧ್ರದ ಎಳೆ ಅಂತ ಓದೋರಿದ್ದಾರೆ. ಕಂಡೆನ್ಸರ್ ಕೆಳಗಿಳಿಸಿ ಬೆಳಕು ತಗ್ಗಿಸಿ, ಮೊದಲು 10ರ ಲೆನ್ಸ್, ಆಮೇಲೆ 40.

ನಿಜವಾದ ಎಳೆ ಒಂದೇ ದಪ್ಪಕ್ಕಿರುತ್ತೆ, ಅಡ್ಡಗೋಡೆ ಇರುತ್ತೆ, ಕವಲೊಡೆಯುತ್ತೆ, ಚರ್ಮದ ಕೋಶಗಳ ಗಡಿಯನ್ನ ಲೆಕ್ಕಿಸದೆ ಅಡ್ಡ ಹಾಯ್ದು ಹೋಗುತ್ತೆ. ಕೋಶಗಳ ಗಡಿಗುಂಟವೇ ಬಲೆಬಲೆಯಾಗಿ ಕಂಡರೆ ಅದು ಮೊಸಾಯಿಕ್ ಅನ್ನೋ ಮೋಸ, ಶಿಲೀಂಧ್ರ ಅಲ್ಲ.

ಅಂಚಿನಲ್ಲಿರೋ ನವಿರು ಕೂದಲು ನಾಲ್ಕೈದು ಕಿತ್ತು ಅದನ್ನೂ ಹನಿಯಲ್ಲಿ ಹಾಕಿ ನೋಡೋಕೆ ಹೇಳಿ. ಕೂದಲೊಳಗೆ ಎಳೆ ಸಿಕ್ಕರೆ ಬರೀ ಮುಲಾಮಿನಿಂದ ಆಗಲ್ಲ ಅಂತ ಅಲ್ಲೇ ತೀರ್ಮಾನ.

ಕಲ್ಚರ್ ಬಗ್ಗೆ: ಸಬೂರೊ ಅಗಾರ್ ಅನ್ನೋ ಬೆಳೆಸೋ ಮಾಧ್ಯಮದಲ್ಲಿ 2ರಿಂದ 4 ವಾರ ಬೇಕು. ನೋಟದಲ್ಲಿ ಇಂಡೊಟಿನಿಯೆಯನ್ನ ಅದರ ದಾಯಾದಿಗಳಿಂದ ಬೇರ್ಪಡಿಸೋದು ಕಷ್ಟ, ಐಟಿಎಸ್ ಸೀಕ್ವೆನ್ಸಿಂಗ್ (ಶಿಲೀಂಧ್ರದ ಡಿಎನ್‌ಎಯ ಒಂದು ತುಣುಕು ಓದೋದು) ಬೇಕಾಗುತ್ತೆ. ಎಲ್ಲರಿಗೂ ಬೇಡ. ಎರಡು ಬೇರೆ ಬೇರೆ ವರ್ಗದ ಔಷಧ ಸರಿಯಾಗಿ ತಗೊಂಡೂ ಸೋತಾಗ ಅದರ ಬೆಲೆ ಗೊತ್ತಾಗುತ್ತೆ.

---

ಊಟದನಂತರ:

ಇಟ್ರಾಕೊನಜೋಲ್ ಡೋಸ್‌ಗೆ ಬರೋಣ. ದೆಹಲಿಯಲ್ಲಿ 100, 200, 400 ಮಿಗ್ರಾಂ ಹೋಲಿಸಿದ ಪ್ರಯೋಗ 2022ರಲ್ಲಿ ಬಂತು. ಮೂರರಲ್ಲೂ ಹೆಚ್ಚಿನವರು ಗುಣವಾದ್ರು. 400ರಲ್ಲಿ ಸುಮಾರು 5 ವಾರ ಹಿಡೀತು, ಉಳಿದೆರಡರಲ್ಲಿ 7ರಿಂದ 8. ಆದ್ರೆ ಗುಣವಾದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಎರಡು ತಿಂಗಳೊಳಗೆ ಮರುಕಳಿಸಿತು. ಹಾಗಾಗಿ 400ರ ವಾದ ನನಗೆ ಒಪ್ಪಿಗೆ ಇಲ್ಲ: ಎರಡು ವಾರ ಉಳಿಸೋಕೆ ಯಕೃತ್ತು, ಹೃದಯದ ಮೇಲಿನ ಹೊರೆ ಯಾಕೆ? ಪ್ರಯೋಗದ ಮಟ್ಟಿಗೆ 100 ಕೂಡ ಸಾಕು. ಆದರೂ ದಿನಕ್ಕೆ 200 ಅನ್ನೋದಕ್ಕೆ ಕಾರಣ ಕ್ಯಾಪ್ಸೂಲಿನ ಗುಣಮಟ್ಟ. ಒಡೆದು ನೋಡಿದ್ರೆ ಒಳಗಿರೋದು ಪುಡಿ ಅಲ್ಲ, ಸಕ್ಕರೆ ಗುಂಡಿನ ಮೇಲೆ ಔಷಧ ಬಳಿದ ಕಾಳುಗಳು. ಕಾಳಿನ ಗಾತ್ರ, ಸಂಖ್ಯೆ, ಬಳಿದ ಪಾಲಿಮರ್ ಇವು ಕಂಪನಿಯಿಂದ ಕಂಪನಿಗೆ ಬೇರೆ, ಕರಗೋದೂ ಬೇರೆ.

ಇನ್ನು ಈ ಪ್ರಕರಣದ ಅಸಲಿ ತೊಡಕುಗಳು. ಕಾಳು ಕರಗೋಕೆ ಹೊಟ್ಟೆಯಲ್ಲಿ ಆಮ್ಲ ಬೇಕು. ಬೆಳಗ್ಗೆ ಪ್ಯಾಂಟೊಪ್ರಜೋಲ್ ನುಂಗಿ ಆಮ್ಲವನ್ನೇ ಬಂದ್ ಮಾಡಿದ್ರೆ ಇಟ್ರಾಕೊನಜೋಲ್ ಹಾಗೇ ಕೆಳಗಿಳಿದು ಹೋಗುತ್ತೆ. ಎರಡರ ನಡುವೆ ಕೆಲವು ಗಂಟೆ ಅಂತರ ಇಟ್ಟರೂ ಆಗಲ್ಲ, ಪ್ಯಾಂಟೊಪ್ರಜೋಲ್ ಪ್ರಭಾವ ದಿನವಿಡೀ ಇರುತ್ತೆ. ಬರೀ ಆಂಟಾಸಿಡ್ ದ್ರವ ಆದ್ರೆ ಎರಡು ಗಂಟೆ ಅಂತರ ಸಾಕು. ಬಿಡೋಕಾಗುತ್ತಾ ಅಂತ ವೈದ್ಯರನ್ನ ಮೊದಲು ಕೇಳಿ. ಆಗದಿದ್ರೆ ಇಟ್ರಾಕೊನಜೋಲ್‌ನ ಸೂಪರ್ ಬಯೊಅವೈಲಬಲ್ (ಮೈ ಹೆಚ್ಚು ಹೀರಿಕೊಳ್ಳೋ) ರೂಪ ಇದೆ, ಅದು ಆಮ್ಲವನ್ನ ಅಷ್ಟಾಗಿ ನೆಚ್ಚಿಕೊಂಡಿಲ್ಲ. ಅದರಲ್ಲಿ 50 ಅಂದ್ರೆ ಮಾಮೂಲಿ 100ಕ್ಕೆ ಸಮ, ಅಂಕಿ ನೋಡಿ "ಡೋಸ್ ಕಡಿಮೆ" ಅಂತ ಎರಡೆರಡು ನುಂಗೋದು ಬೇಡ. ಮಾಮೂಲಿ ಕ್ಯಾಪ್ಸೂಲ್ ಹೊಟ್ಟೆ ತುಂಬಾ ಊಟ ಆದ ಕೂಡಲೇ ತಗೋಬೇಕು. ಒಂದು ಲೋಟ ಹಾಲಿನ ಜೊತೆ ಅಲ್ಲ.

ಅಟೊರ್ವಾಸ್ಟಾಟಿನ್ 40 ಹಾಗೇ ಮುಂದುವರಿಸೋ ಹಾಗಿಲ್ಲ. ಅದನ್ನ ಒಡೆಯೋ ಯಕೃತ್ತಿನ ಕಿಣ್ವವನ್ನ ಇಟ್ರಾಕೊನಜೋಲ್ ತಡೆಯುತ್ತೆ, ರಕ್ತದಲ್ಲಿ ಮಟ್ಟ ಏರಿ ಸ್ನಾಯು ಹಾಳಾಗೋ ಅಪಾಯ. 20 ಮೀರಬಾರದು, ಅಥವಾ ರೊಸುವಾಸ್ಟಾಟಿನ್‌ಗೆ ಬದಲಿಸ್ತಾರೆ. ಸಿಮ್ವಾಸ್ಟಾಟಿನ್ ಆಗಿದ್ರೆ ಜೊತೆಗೆ ಕೊಡೋ ಮಾತೇ ಇಲ್ಲ. ಆಸ್ತಮಾಕ್ಕೆ ಫ್ಲುಟಿಕಾಸೋನ್, ಬುಡೆಸೊನೈಡ್ ಎಳೆಯೋರು ಅದನ್ನೂ ಹೇಳಲೇಬೇಕು. ಅದೇ ಕಿಣ್ವ ತಡೆದು ಆ ಸ್ಟಿರಾಯ್ಡ್ ಮೈಯಲ್ಲಿ ಸೇರಿಕೊಳ್ಳುತ್ತೆ. ಹೃದಯ ವೈಫಲ್ಯ ಇದ್ದವರಿಗೆ, ಗರ್ಭಿಣಿಯರಿಗೆ ಇಟ್ರಾಕೊನಜೋಲ್ ಬೇಡ. ಶುರುವಿನಲ್ಲಿ ಒಂದು ಯಕೃತ್ತಿನ ಪರೀಕ್ಷೆ, ತಿಂಗಳು ದಾಟಿದ್ರೆ ಇನ್ನೊಂದು. ಕಾಲು ಊತ, ಏದುಸಿರು, ಗಾಢ ಬಣ್ಣದ ಮೂತ್ರ: ಇವುಗಳಲ್ಲಿ ಯಾವುದೇ ಕಂಡರೂ ಮಾತ್ರೆ ನಿಲ್ಲಿಸಿ ಅವತ್ತೇ ವೈದ್ಯರ ಹತ್ರ.

---

ಬೂಷ್ಟುಪಂಡಿತ:

@ಊಟದನಂತರ ಒಪ್ತೀನಿ, ಒಂದು ಸೇರಿಸ್ತೀನಿ. ಇಟ್ರಾಕೊನಜೋಲ್ ಅಮೃತ ಅಲ್ಲ. ಕೆಲವು ಇಂಡೊಟಿನಿಯೆ ತಳಿಗಳಲ್ಲಿ ಅಜೋಲ್‌ಗಳ (ಇಟ್ರಾಕೊನಜೋಲ್, ಫ್ಲುಕೊನಜೋಲ್ ವರ್ಗದ ಔಷಧಗಳ) ಗುರಿಯಾದ ಸಿವೈಪಿ51ಬಿ ಜೀನಿನ ಪ್ರತಿಗಳೇ ಹೆಚ್ಚಿವೆ. ಅರ್ಧಂಬರ್ಧ ಕೋರ್ಸ್‌ಗಳು ನಡೀತಾ ಹೋದ್ರೆ ಆಯ್ದು ಉಳಿಯೋದು ಅಂಥವೇ.

---

ಮಾತ್ರೆಡಬ್ಬಿ:

ಪ್ಯಾಂಟೊಪ್ರಜೋಲ್ ಕಡೆ ಗಮನವೇ ಹೋಗಿರಲಿಲ್ಲ, ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಆ ನಾಲ್ಕು ಔಷಧದ ಮುಲಾಮನ್ನ ಒಮ್ಮೆಗೇ ಬಿಡೋದಾ, ಇಳಿಸ್ತಾ ಬರೋದಾ? ಮತ್ತೆ ಹಚ್ಚೋಕೆ ಯಾವುದು, ಎಷ್ಟು? ಯಾವಾಗ ನಿಲ್ಲಿಸೋದು?

---

ಬೆರಳತುದಿ:

ಒಮ್ಮೆಗೇ ಬಿಡಬೇಕು. ಒಂದೆರಡು ವಾರ ಉರಿ, ಕೆಂಪು, ತುರಿಕೆ ಜೋರಾಗುತ್ತೆ. ಇದನ್ನ ಮೊದಲೇ ಹೇಳದಿದ್ರೆ ರೋಗಿ "ಹೊಸ ಔಷಧ ಆಗಿಬರ್ಲಿಲ್ಲ" ಅಂತ ಹಳೇ ಟ್ಯೂಬಿಗೇ ವಾಪಸ್ ಹೋಗೋದು ಖಚಿತ. ರಾತ್ರಿ ತುರಿಕೆ ತಗ್ಗಿಸೋ ಲೆವೊಸಿಟ್ರಿಜಿನ್ 5 ಮಿಗ್ರಾಂನಂಥದ್ದು ಆ ದಿನಗಳನ್ನ ದಾಟಿಸುತ್ತೆ. ಕ್ಲೊಬೆಟಾಸೋಲ್ ಸ್ಥಳೀಯ ರೋಗನಿರೋಧಕ ಪ್ರತಿಕ್ರಿಯೆಯನ್ನ ಅದುಮುತ್ತೆ, ತುರಿಕೆ ನಿಂತ ಹಾಗನಿಸುತ್ತೆ, ಅಡಿಯಲ್ಲಿ ಶಿಲೀಂಧ್ರ ಆರಾಮಾಗಿ ಹರಡುತ್ತೆ. ತೊಡೆಸಂದಿಯಲ್ಲಿ ಚರ್ಮ ತೆಳುವಾಗಿ ಬಿರುಕು ಗೆರೆ ಬಿದ್ರೆ ಅದು ಹೋಗಲ್ಲ. 2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರೋ ಹಾಗಿಲ್ಲ ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ ಬಿಗಿ ಮಾಡಿದೆ. ಕೌಂಟರಿನಲ್ಲಿ ನಡೆಯೋದು ಬೇರೆ ಮಾತು.

ಹಚ್ಚೋಕೆ ಲುಲಿಕೊನಜೋಲ್ ಶೇ 1 ದಿನಕ್ಕೊಮ್ಮೆ, ಅಥವಾ ಸೈಕ್ಲೊಪಿರಾಕ್ಸ್, ಅಮೊರಾಲ್ಫಿನ್. ಟರ್ಬಿನಾಫಿನ್ ಮುಲಾಮು ಇಲ್ಲಿ ಬೇಡ. ಅಂಚಿನಿಂದ 2 ಸೆಂಟಿಮೀಟರ್ ಆಚೆವರೆಗೂ, ಹೊರಗಿಂದ ಒಳಕ್ಕೆ ಹಚ್ಚಿ. ಒಳಗಿಂದ ಹೊರಕ್ಕೆ ಉಜ್ಜಿದ್ರೆ ಬೀಜ ಬಿತ್ತಿದ ಹಾಗೆ.

ಎಷ್ಟು ಅನ್ನೋದಕ್ಕೆ ಲೆಕ್ಕ ಇದೆ. ತೋರುಬೆರಳಿನ ಕೊನೇ ಗೆಣ್ಣಿನುದ್ದಕ್ಕೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ; ಬೆರಳೂ ಸೇರಿ ಎರಡು ಅಂಗೈಯಷ್ಟು ಚರ್ಮಕ್ಕೆ ಸಾಕು. ಈ ಪ್ರಕರಣ ಸುಮಾರು 10 ಅಂಗೈ ಅಂದುಕೊಳ್ಳಿ: ಒಂದು ಸಲಕ್ಕೆ 2.5 ಗ್ರಾಂ. 20 ಗ್ರಾಂ ಟ್ಯೂಬು 8 ದಿನಕ್ಕೆ ಖಾಲಿ, ದಿನಕ್ಕೆರಡು ಸಲದ ಮುಲಾಮಾದ್ರೆ 4 ದಿನಕ್ಕೆ. ತಿಂಗಳಿಗೆ ಒಂದೇ ಟ್ಯೂಬು ಬಂತು ಅಂದ್ರೆ ಹಚ್ಚಿದ್ದು ಕಾಲುಭಾಗ ಅಷ್ಟೇ.

ನಿಲ್ಲಿಸೋದನ್ನ ಬಣ್ಣ ನೋಡಿ ತೀರ್ಮಾನಿಸಬೇಡಿ. ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ, ಅದು ರೋಗ ಅಲ್ಲ. ತುರಿಕೆ ನಿಂತಿತು ಅಂತಲೂ ಬಿಡಬೇಡಿ. ಕಣ್ಣು ಮುಚ್ಚಿ ಅಂಚಿನ ಮೇಲೆ ಬೆರಳಾಡಿಸಿ: ಏರು, ಒರಟು ತಗುಲಿದ್ರೆ ಮುಗಿದಿಲ್ಲ. ಪೂರ್ತಿ ಮಟ್ಟಸವಾಗಿ, ಕೆಒಎಚ್ ಕೂಡ ನೆಗೆಟಿವ್ ಬಂದ ಮೇಲೆ ಇನ್ನೆರಡು ವಾರ.

---

ಕವರ್‌ಸ್ಲಿಪ್:

ಮರುಕಳಿಸೋದಕ್ಕೆ ಅರ್ಧ ಉತ್ತರ ಬಟ್ಟೆಯಲ್ಲಿದೆ. ಉದುರಿದ ಹೊಟ್ಟಿನಲ್ಲಿರೋ ಬೀಜಕಣಗಳು ತಿಂಗಳುಗಟ್ಟಲೆ ಬದುಕ್ತವೆ. ತಣ್ಣೀರಲ್ಲೋ ಉಗುರುಬೆಚ್ಚನೆ ನೀರಲ್ಲೋ ಒಗೆದ್ರೆ ಸಾಯಲ್ಲ, ಒಂದೇ ಬಕೆಟ್ಟಿನಲ್ಲಿ ನೆನೆಸಿದ್ರೆ ಉಳಿದವರ ಬಟ್ಟೆಗೂ ದಾಟ್ತವೆ. 60 ಡಿಗ್ರಿ ಬಿಸಿನೀರು, ರೋಗಿಯ ಬಟ್ಟೆ ಬೇರೆ, ಒಳಮೈ ಹೊರಗೆ ಮಾಡಿ ಬಿಸಿಲಿಗೆ, ಹೊಲಿಗೆ ಸಾಲಿನ ಮೇಲೆ ಇಸ್ತ್ರಿ. ಸೊಂಟದ ಬೆಲ್ಟು, ಉಡುದಾರ, ಟವೆಲ್ ಮರೀಬೇಡಿ. ಉಡುದಾರ ಬಿಚ್ಚೋಕೆ ಒಪ್ಪದವರಲ್ಲಿ ಸೊಂಟದ ಸುತ್ತ ಪಟ್ಟಿ ಹಾಗೇ ಉಳಿಯುತ್ತೆ. ಮನೆಯಲ್ಲಿ ತುರಿಸಿಕೊಳ್ತಿರೋ ಇನ್ನೊಬ್ಬರಿದ್ರೆ ಅವರ ಅಂಚನ್ನೂ ಅದೇ ದಿನ ಕೆರೆದು ನೋಡಬೇಕು.