"ಹದಿನೆಂಟು ಕರೆಂಟ್ ಆಯ್ತು": ಇದನ್ನು ಫಾರ್ಮಿನಲ್ಲಿ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ.

ನಾನು ಕೋಲಾರದ ಕಡೆ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಫಿಸಿಸಿಸ್ಟ್. ಕ್ಯಾನ್ಸರ್‌ಗೆ ರೇಡಿಯೇಷನ್ ಎಷ್ಟು ಕೊಡಬೇಕು ಅಂತ ಡಾಕ್ಟರ್ ಹೇಳುತ್ತಾರೆ. ಅದು ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಬಿದ್ದರೆ ಗೆಡ್ಡೆಗೆ ಸರಿಯಾಗಿ ತಲುಪುತ್ತದೆ ಅಂತ ಲೆಕ್ಕ ಹಾಕುವುದು ನಮ್ಮ ಕೆಲಸ. ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಮೆಷಿನ್ ಅಳೆದು ನೋಡುತ್ತೇವೆ. ಜೊತೆಗೆ ಪಾಠ, ಒಂದಿಷ್ಟು ಸಂಶೋಧನೆ. ನನ್ನ ಪ್ರಶ್ನೆ ಹುಟ್ಟಿದ್ದು ಈ ಸಂಶೋಧನೆಯಿಂದಲೇ.

ರೋಗಿ ದಿನಾ ಬಂದು ಮೇಜಿನ ಮೇಲೆ ಮಲಗುವಾಗ ಮೊದಲ ದಿನದ ಜಾಗಕ್ಕಿಂತ ಎಷ್ಟು ಮಿಲಿಮೀಟರ್ ಆಚೀಚೆ ಆಗುತ್ತಾರೆ ಅಂತ ನೋಡುವ ಅಧ್ಯಯನ ಅದು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿಯೇ ಒಪ್ಪಿಗೆ ಪಡೆಯಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆದರೆ ನಮಗೆ ಅನುವಾದವಾಗಿ ಬಂದ ಒಪ್ಪಿಗೆ ಫಾರ್ಮಿನಲ್ಲಿ ಇದ್ದ ಸಾಲು ಹೀಗೆ: "ನಿಗದಿತ ವಿಕಿರಣ ಪ್ರಮಾಣವನ್ನು 25 ಭಾಗಾಂಶಗಳಲ್ಲಿ ನೀಡಲಾಗುವುದು."

ಶ್ರೀನಿವಾಸಪುರದ ಕಡೆಯ ಒಬ್ಬ ತಾತನಿಗೆ ಇದನ್ನು ಓದಿ ಹೇಳಿದೆ. ಮಾವಿನ ತೋಟ ಇರುವವರು. ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿದರು. ಆಮೇಲೆ, "ಒಟ್ಟು ಎಷ್ಟು ಕರೆಂಟಮ್ಮ?" ಅಂದರು.

ನಮ್ಮಲ್ಲಿ ಎಲ್ಲರೂ ಹೀಗೇ ಅನ್ನುತ್ತಾರೆ. ರೇಡಿಯೇಷನ್ ಅಂದರೆ "ಕರೆಂಟ್ ಕೊಡೋದು", "ಕರೆಂಟ್ ಇಡೋದು". ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮಾತಿನಲ್ಲೂ ಕರೆಂಟೇ.

ಹಾಗಾದರೆ ಸುಮ್ನೆ ಕರೆಂಟ್ ಅಂತಲೇ ಬರೆದುಬಿಡಬಹುದಲ್ವಾ? ಆಗುವುದಿಲ್ಲ. ಆ ತಾತ ಮೇಜು ಹತ್ತುವ ಮೊದಲು ಸೊಂಟದ ಬೆಳ್ಳಿ ಉಡಿದಾರವನ್ನು ಬಿಚ್ಚಿ ಮಗನ ಕೈಗೆ ಕೊಟ್ಟರು. ಬೋರ್‌ವೆಲ್ ಸ್ಟಾರ್ಟರ್ ಹತ್ತಿರ ಒಮ್ಮೆ ಶಾಕ್ ಹೊಡೆಸಿಕೊಂಡಿದ್ದಾರಂತೆ. ಅವರ ಕೈ ನಡುಗುತ್ತಿತ್ತು. ಮೈಯಲ್ಲಿ ಕರೆಂಟ್ ಉಳಿದಿರುತ್ತದೆ ಅಂತ ಮೊದಲ ವಾರ ಮೊಮ್ಮಗಳನ್ನೂ ಹತ್ತಿರ ಸೇರಿಸಲಿಲ್ಲವಂತೆ. ಇದನ್ನು ಕೇಳಿ ನನಗೆ ತುಂಬಾ ಬೇಜಾರಾಯಿತು. ಒಂದು ಪದ ಆ ಮಗುವನ್ನು ತಾತನಿಂದ ದೂರ ಇಟ್ಟಿತ್ತು.

ವಿದ್ಯುತ್ತಿನ ಕೆಲಸ ಮೆಷಿನ್ ಒಳಗೇ ಮುಗಿಯುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳನ್ನು ಜೋರಾಗಿ ಓಡಿಸಿ ಟಂಗ್‌ಸ್ಟನ್‌ಗೆ ಬಡಿಸುತ್ತಾರೆ, ಎಕ್ಸ್‌ರೇ ಹೊರಡುತ್ತದೆ. ಮೈಮೇಲೆ ಬೀಳುವುದು ಈ ಎಕ್ಸ್‌ರೇ. 1895ರಲ್ಲಿ ವಿಜ್ಞಾನಿ ರಾಂಟ್‌ಜೆನ್ ಕಂಡದ್ದೇ ಇದು, ಶಕ್ತಿ ಮಾತ್ರ ಬಹಳ ಜಾಸ್ತಿ. ಸ್ವಿಚ್ ಆರಿಸಿದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಹಳೆಯ ಕೋಬಾಲ್ಟ್ ಮೆಷಿನ್‌ಗಂತೂ ಕರೆಂಟ್ ಅನ್ನುವ ಮಾತು ಇನ್ನೂ ಹೊಂದುವುದಿಲ್ಲ. ಕೋಬಾಲ್ಟ್-60 ತನ್ನಷ್ಟಕ್ಕೆ ಕಿರಣ ಬಿಡುತ್ತಲೇ ಇರುತ್ತದೆ, ಅದು ಅರ್ಧಕ್ಕೆ ಇಳಿಯಲು 5.27 ವರ್ಷ ಬೇಕು.

"ವಿಕಿರಣ" ಅಂದರೂ ಕಷ್ಟವೇ. ಆ ಪದವನ್ನು ಜನ ಕೇಳಿರುವುದು ಅಣುಬಾಂಬಿನ ಸುದ್ದಿಯಲ್ಲಿ. ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ.

ನನಗೆ ಬಹಳ ಹಿಡಿಸಿದ್ದು ಜನ ಈ ಪದವನ್ನು ಎಣಿಸುವ ರೀತಿ. "ಹದಿನೆಂಟು ಕರೆಂಟ್ ಆಯ್ತು, ಇನ್ನು ಏಳು ಇದೆ" ಅನ್ನುತ್ತಾರೆ. ಇಲ್ಲಿ ಕರೆಂಟ್ ಅಂದರೆ ಒಂದು ಸಲದ ಚಿಕಿತ್ಸೆ. "ಹಿಪ್ಪುನೇರಳೆಗೆ ಮೂರು ನೀರು ಕೊಟ್ಟೆ", "ಎರಡು ಮಳೆ ಬಿತ್ತು" ಅನ್ನುವಾಗ ನೀರನ್ನೂ ಮಳೆಯನ್ನೂ ಎಣಿಸುತ್ತೇವಲ್ಲ, ಅದೇ ಕಟ್ಟು. ಪದ ಇಂಗ್ಲಿಷಿನದು, ಬಳಸುವ ಬಗೆ ಪೂರ್ತಿ ನಮ್ಮದು. ಮೂರು ನೀರನ್ನು ಒಂದೇ ದಿನ ಕಟ್ಟಿದರೆ ಬೆಳೆ ಕೊಳೆಯುತ್ತದೆ ಅನ್ನುವುದೂ ರೈತರಿಗೆ ಗೊತ್ತು. ನಮ್ಮದೂ ಹಾಗೇ. ಒಟ್ಟು 50 ಗ್ರೇ (ಮೈಗೆ ಸೇರುವ ರೇಡಿಯೇಷನ್ ಅಳೆಯುವ ಮಾನ) ಕೊಡಬೇಕಾದರೆ ದಿನಕ್ಕೆ 2 ಗ್ರೇಯಂತೆ 25 ಸಲ ಕೊಡುತ್ತೇವೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವಿನ ಬಿಡುವಿನಲ್ಲಿ ಒಳ್ಳೆಯ ಜೀವಕೋಶಗಳು ಸುಧಾರಿಸಿಕೊಳ್ಳುತ್ತವೆ.

"ಭಾಗಾಂಶ"ದ ಬದಲು "ಕಂತು" ಅಂತ ಹೇಳಿ ನೋಡಿದೆ. ಸಂಘದ ಸಾಲ ಕಟ್ಟುವ ಹೆಂಗಸರಿಗೆ ತಕ್ಷಣ ಅರ್ಥವಾಯಿತು. "ಒಂದು ಕಂತು ತಪ್ಪಿದರೆ?" ಅಂತ ಒಬ್ಬರು ತಾವೇ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ದಿನ ತಪ್ಪಿದಷ್ಟೂ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ. ಆದರೆ ಅವರ ಮುಂದಿನ ಮಾತು, "ಮಾರನೇ ದಿನ ಎರಡೂ ಸೇರಿಸಿ ಕಟ್ಟಿದರಾಯ್ತು." ಸಾಲದಲ್ಲಿ ಅದು ನಡೆಯುತ್ತದೆ, ಇಲ್ಲಿ ಹಾಗೆ ಎರಡು ಪಟ್ಟು ಕೊಟ್ಟರೆ ಒಳ್ಳೆಯ ಮಾಂಸಕ್ಕೇ ಪೆಟ್ಟು. ಹಾಗಾಗಿ ಕಂತಿನ ಬಗ್ಗೆಯೂ ನನಗೆ ಅನುಮಾನ ಉಳಿದಿದೆ.

ಸದ್ಯಕ್ಕೆ ನಾನು ಬರೆದಿಟ್ಟಿರುವುದು: "ನಿಮಗೆ ಒಟ್ಟು 25 ಸಲ ಎಕ್ಸ್‌ರೇ ಕಿರಣ ಕೊಡುತ್ತೇವೆ, ದಿನಕ್ಕೆ ಒಂದು ಸಲ. ಇದನ್ನೇ ಜನ ಕರೆಂಟ್ ಅನ್ನುತ್ತಾರೆ. ಇದರಿಂದ ಶಾಕ್ ಹೊಡೆಯುವುದಿಲ್ಲ. ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬಹುದು."

ನಿಮ್ಮನ್ನು ಕೇಳುವುದು ಎರಡು ವಿಷಯ. "ಹದಿನೆಂಟು ಕಿರಣ ಆಯ್ತು" ಅನ್ನುವುದು ನಿಮ್ಮ ಕಿವಿಗೆ ಒಗ್ಗುತ್ತದಾ? ನನಗೆ ಒಗ್ಗುತ್ತಿಲ್ಲ, ಯಾಕೆ ಅಂತ ಹೇಳಲು ಬರುತ್ತಿಲ್ಲ. ಇನ್ನೊಂದು, ತುಮಕೂರು, ಚಿಕ್ಕಬಳ್ಳಾಪುರದ ಕಡೆ ಕರೆಂಟ್ ಬಿಟ್ಟು ಬೇರೆ ಮಾತು ಬಳಕೆಯಲ್ಲಿ ಇದೆಯಾ? ಇದ್ದರೆ ಬರೀ ಪದ ಬೇಡ, ಮನೆಯಲ್ಲಿ ಆಡುವ ಹಾಗೆ ಪೂರ್ತಿ ವಾಕ್ಯ ಬರೆಯಿರಿ. ಫಾರ್ಮ್ ಮುಂದಿನ ತಿಂಗಳು, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಮುಂದೆ ಹೋಗುತ್ತದೆ.