ಏಪ್ರಿಲ್‌ನಲ್ಲಿ ಮಂಗಳೂರಿನಿಂದ ವಿಜಯಪುರಕ್ಕೆ: ಬಿಸಿಲಿನ ಬಗ್ಗೆ ಅನುಭವ ಇದ್ದವರು ಹೇಳಿ

ಬ್ಯಾಂಕಿನ ಕೆಲಸದಲ್ಲಿದ್ದೇನೆ, ವಿಜಯಪುರಕ್ಕೆ ವರ್ಗವಾಗಿದೆ. ಏಪ್ರಿಲ್ ಎರಡನೇ ವಾರ ಸೇರಬೇಕು. ಜೊತೆಗೆ ಆರು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ. ಮಂಗಳೂರಿನಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ರಾತ್ರಿನೂ ನಿದ್ದೆ ಬರಲ್ಲ, ಎಸಿ ಇಲ್ಲದೆ ಆಗಲ್ಲ, ಮಳೆಯೇ ಇಲ್ಲದ ಊರು ಅಂತಾರೆ. ಎಷ್ಟು ನಿಜ? ಬೆಳಗಾವಿ, ಬಾಗಲಕೋಟೆ ಕಡೆಯವರೂ ಹೇಳಿ.

ವಿಜಯಪುರದಲ್ಲೇ ಹುಟ್ಟಿ ಬೆಳೆದವರು

ಬಿಸಿಲು ಇರೋದು ನಿಜ ಅಕ್ಕಾ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಮಾಮೂಲು. ಕೆಲವು ದಿನ 42, 43ಕ್ಕೂ ಏರುತ್ತದೆ. ಆದರೆ ಈ ಅಂಕಿಯನ್ನು ಮಂಗಳೂರಿನ 34 ಡಿಗ್ರಿಯ ಪಕ್ಕದಲ್ಲಿಟ್ಟು ಹೆದರಬೇಡಿ. ನಿಮ್ಮ ಕಡೆ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಮೈಮೇಲೆ ಅಂಟಿಕೊಂಡೇ ಇರುತ್ತದೆ. ನಮ್ಮದು ಒಣ ಬಿಸಿಲು. ಬೆವರು ಬೇಗ ಆರಿ ಮೈ ತಣ್ಣಗಾಗುತ್ತದೆ. ಬೇವಿನ ನೆರಳಿಗೆ ಬಂದು ಎರಡು ನಿಮಿಷ ನಿಂತರೆ ಸಾಕು, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಅಪಾಯ ಇರುವುದೂ ಅಲ್ಲೇ. ಕರಾವಳಿಯಿಂದ ಬಂದವರು 'ಬೆವರೇ ಬರ್ತಿಲ್ಲ, ಆರಾಮಿದೆ' ಅಂದುಕೊಂಡು ನೀರು ಕಡಿಮೆ ಕುಡಿಯುತ್ತಾರೆ. ಬೆವರು ಬರುತ್ತಲೇ ಇರುತ್ತದೆ, ಕಣ್ಣಿಗೆ ಬೀಳುವ ಮೊದಲೇ ಆರಿ ಹೋಗುತ್ತದೆ. ಸಂಜೆ ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ಎಷ್ಟು ನೀರು ಹೋಗಿದೆ ಅಂತ ಅರ್ಥವಾಗುತ್ತದೆ. ಬಾಯಾರಿಕೆಗೆ ಕಾಯದೆ ಕುಡಿಯಿರಿ. ಮಜ್ಜಿಗೆ, ಅಂಬಲಿ, ಲಿಂಬು ಪಾನಕ ಎಲ್ಲವೂ ನಡೆಯುತ್ತದೆ.

ಇನ್ನು ರಾತ್ರಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಗಾಳಿ ಒಣಗಿದ್ದು, ಆಕಾಶ ತಿಳಿಯಾಗಿರುವುದರಿಂದ ಹೊತ್ತು ಮುಳುಗಿದ ಮೇಲೆ ನೆಲ ಬೇಗ ಆರುತ್ತದೆ. ಬೆಳಗಿನ ಜಾವಕ್ಕೆ 23, 24 ಡಿಗ್ರಿಗೆ ಇಳಿಯುತ್ತದೆ. ಹಾಗಾದರೆ ನಿದ್ದೆ ಬರಲ್ಲ ಅನ್ನೋರು ಸುಳ್ಳು ಹೇಳ್ತಾರಾ? ಇಲ್ಲ. ಅವರು ಮೇಲಿನ ಮಹಡಿಯಲ್ಲಿರುತ್ತಾರೆ. ಆರ್‌ಸಿಸಿ ಸ್ಲ್ಯಾಬ್ ಇಡೀ ದಿನದ ಬಿಸಿಲು ಕುಡಿದು ಅರ್ಧ ರಾತ್ರಿವರೆಗೂ ಕೋಣೆಯೊಳಗೆ ಬಿಡುತ್ತದೆ. ಹೊರಗೆ ತಂಪು ಗಾಳಿ ಬೀಸುತ್ತಿದ್ದರೂ ಒಳಗೆ ಧಗೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಮೇಲೆ ಬೆಳಕಿಂಡಿ, ಹಗಲಿನ ಝಳ ಒಳಗೆ ಬರುತ್ತಲೇ ಇರಲಿಲ್ಲ. ಗೋಳಗುಮ್ಮಟದ ಗೋಡೆ ಸುಮಾರು 3 ಮೀಟರ್ ದಪ್ಪ ಇದೆ. ಮೇ ತಿಂಗಳ ಮಧ್ಯಾಹ್ನ ಒಳಗೆ ಹೋಗಿ ನಿಂತು ನೋಡಿ.

ಅದಕ್ಕೇ ಹೇಳ್ತೀನಿ, ಎಸಿಗಿಂತ ಮೊದಲು ಮನೆ ಯಾವ ಅಂತಸ್ತಿನಲ್ಲಿದೆ ನೋಡಿ. ನೆಲ ಅಂತಸ್ತು, ಫರಸಿ ಹಾಸಿದ ನೆಲ, ಎರಡು ಕಡೆ ಕಿಟಕಿ ಇದ್ದರೆ ಕೂಲರ್ ಸಾಕು. ಕೂಲರ್ ನಿಮ್ಮೂರಲ್ಲಿ ಕೆಲಸ ಮಾಡಲ್ಲ, ಇಲ್ಲಿ ಚೆನ್ನಾಗಿ ಮಾಡುತ್ತದೆ. ಒಣ ಗಾಳಿ ನೀರನ್ನು ಬೇಗ ಹೀರಿ ತಣ್ಣಗಾಗುತ್ತದೆ, ಅಷ್ಟೇ. ಆದರೆ ಕಿಟಕಿ ಮುಚ್ಚಿ ಹಾಕಬೇಡಿ. ತೇವದ ಗಾಳಿ ಹೊರಗೆ ಹೋಗದಿದ್ದರೆ ಒಂದು ಗಂಟೆಯಲ್ಲಿ ಕೋಣೆ ಮಂಗಳೂರಿನ ಹಾಗೆ ಆಗುತ್ತದೆ! ಬೋರ್‌ವೆಲ್ ನೀರು ಗಡಸು, ಕೂಲರಿನ ಹುಲ್ಲು ಬೇಗ ಉಪ್ಪುಗಟ್ಟುತ್ತದೆ. ಆಗಾಗ ತೊಳೆದು, ಬೇಸಿಗೆಗೊಮ್ಮೆ ಬದಲಿಸಿ.

ಬೆಳಗಾವಿ

ಮೂರೂ ಜಿಲ್ಲೆಗೆ ಒಂದೇ ಹವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮೂರು ಸುಮಾರು 750 ಮೀಟರ್ ಎತ್ತರದಲ್ಲಿದೆ, ಸಹ್ಯಾದ್ರಿ ಹತ್ತಿರ. ಬೇಸಿಗೆಯ ಸಂಜೆ ಪಡುವಣ ಗಾಳಿ ಬಂದರೆ ಫ್ಯಾನ್ ಬೇಡ. ಖಾನಾಪುರದ ಕಡೆ ದಟ್ಟ ಕಾಡು, ಜೋರು ಮಳೆ. ಅದೇ ಜಿಲ್ಲೆಯ ಅಥಣಿಗೆ ಹೋದರೆ ವಿಜಯಪುರದ್ದೇ ಬಿಸಿಲು. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಆದೇಶ ಬರುತ್ತದಲ್ಲ, ಅದು ಕಲಬುರಗಿ ವಿಭಾಗಕ್ಕೆ ಮತ್ತು ವಿಜಯಪುರ, ಬಾಗಲಕೋಟೆಗೆ. ಬೆಳಗಾವಿ ಜಿಲ್ಲೆ ಅದರಲ್ಲಿ ಇರುವುದಿಲ್ಲ. ಮೇಡಂ, ಸರ್ಕಾರಿ ಕಚೇರಿ ಕೆಲಸ ಇದ್ದರೆ ಬೆಳಗ್ಗೆಯೇ ಮುಗಿಸಿಕೊಳ್ಳಿ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು

ಮಳೆಯೇ ಇಲ್ಲ ಅನ್ನೋ ಮಾತು ಕೇಳಿ ಬೇಜಾರಾಯಿತು. ವರ್ಷಕ್ಕೆ 600 ಮಿ.ಮೀ. ಆಸುಪಾಸು ಬೀಳುತ್ತದೆ. ಮಂಗಳೂರಿನ 3,500ರ ಮುಂದೆ ಕಡಿಮೆಯೇ, ಘಟ್ಟದ ಮರೆಯಲ್ಲಿದ್ದೇವೆ. ಆದರೆ ನಮ್ಮ ಮಳೆಯ ಲೆಕ್ಕ ಬೇರೆ. ಜೂನ್, ಜುಲೈನಲ್ಲಿ ಮೋಡ ಓಡುತ್ತವೆ, ಗಾಳಿ ಜೋರು, ಮಳೆ ಅಷ್ಟಕ್ಕಷ್ಟೇ. ಹೆಚ್ಚು ಸುರಿಯುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್‌ನಲ್ಲಿ ನಮ್ಮ ಮೇಲೆ ಹನಿ ಬೀಳದಿದ್ದರೂ ಕೃಷ್ಣೆ ತುಂಬಿ ಹರಿಯುತ್ತಾಳೆ. ಆ ನೀರು ಮಹಾರಾಷ್ಟ್ರದ ಘಟ್ಟದಿಂದ ಆಲಮಟ್ಟಿಗೆ ಬರುವುದು.

ಬೇಸಿಗೆಯಲ್ಲೂ ಅಡ್ಡಮಳೆ ಬರುತ್ತದೆ. ಮಧ್ಯಾಹ್ನ ಉರಿ, ನಾಲ್ಕು ಗಂಟೆಗೆ ಮೋಡ ಕಟ್ಟಿ, ಧೂಳೆಬ್ಬಿಸಿ, ಗುಡುಗು ಸಿಡಿಲಿನ ಜೊತೆ ಸುರಿಯುತ್ತದೆ. ಕೆಲವೊಮ್ಮೆ ಆಣೆಕಲ್ಲು. 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ' ಅಂತ ಹಿರಿಯರು ಹೇಳಿದ್ದು ಏಪ್ರಿಲ್ ಕೊನೆ, ಮೇ ಮೊದಲಿನ ಈ ಮಳೆಗೇ. ಸಿಡಿಲು ಬಂದರೆ ಮರದ ಕೆಳಗೆ ನಿಲ್ಲಬೇಡಿ, ಮಗುವಿಗೂ ಹೇಳಿಕೊಡಿ.

ಒಂದು ಮಾತು. ಈ ಒಣ ಬಿಸಿಲನ್ನು ಶಾಪ ಅಂತ ಮಾತ್ರ ನೋಡಬೇಡಿ. ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಒಣಗಿ ಮಣೂಕ ಆಗಬೇಕಾದರೆ ಈ ಗಾಳಿಯೇ ಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಮೋಡ ಕಂಡರೂ ನಮಗೆ ಎದೆ ಡವಗುಟ್ಟುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅತ್ತೆಗೆ ಬಿಪಿ ಮಾತ್ರೆ ಇದೆ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯಲ್ಲ ಅಂತಾರೆ, ಹೌದಾ?

ಬಾಗಲಕೋಟೆ, ನರ್ಸ್ ಕೆಲಸದಲ್ಲಿರುವವರು

ಇಲ್ಲ ಅಕ್ಕಾ. ಹಸಿ ಉಳ್ಳಾಗಡ್ಡಿ ರೊಟ್ಟಿ ಜೊತೆ ತಿನ್ನಿ, ಒಳ್ಳೆಯದೇ. ಜೇಬಿನಲ್ಲಿದ್ದರೆ ಏನೂ ಆಗುವುದಿಲ್ಲ. ಅದನ್ನು ನಂಬಿ ಮಧ್ಯಾಹ್ನ ಎರಡು ಗಂಟೆಗೆ ಹೊರಗೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ವಯಸ್ಸಾದವರಿಗೆ ಬಾಯಾರಿಕೆ ಕಡಿಮೆ ಗೊತ್ತಾಗುತ್ತದೆ, ನೀವೇ ನೆನಪಿಸಿ ಕೊಡಬೇಕು. ಕೆಲವು ಬಿಪಿ ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಬೇಸಿಗೆಗೆ ಎಷ್ಟು ನೀರು, ಎಷ್ಟು ಉಪ್ಪು ಅಂತ ಕೇಳಿಕೊಳ್ಳಿ.

ಮೈ ಕಾದು, ಮಾತು ತೊದಲಿ, ಗೊಂದಲ ಮಾಡಿಕೊಂಡರೆ ಅದು ಸುಸ್ತು ಅಂತ ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬರುವವರೆಗೆ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮಗಳಿಗೆ ಸೂರ್ಯನ ಬಗ್ಗೆ ಒಂದು ತೋರಿಸಿ. ಮೇ ಮೊದಲ ವಾರದ ಕೊನೆಗೆ ನಮ್ಮ ಭಾಗದಲ್ಲಿ ಸೂರ್ಯ ನಡು ನೆತ್ತಿಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರಲ್ಲ. ಆಗಸ್ಟ್ ಮೊದಲ ವಾರವೂ ಹಾಗೆಯೇ. ಆದರೆ ಆಗಸ್ಟ್‌ನಲ್ಲಿ ಮೋಡ, ಗಾಳಿ, ಮಧ್ಯಾಹ್ನ 30 ಡಿಗ್ರಿ ಸುತ್ತ. ನಮ್ಮ ಕಡೆಯ ಚೆಂದದ ತಿಂಗಳು ಅದು.

ಮೊದಲು ಉತ್ತರಿಸಿದ ವಿಜಯಪುರದವರು

ಅಕ್ಕಾ, ಮನೆ ನೋಡಲು ಬೆಳಗ್ಗೆ ಬರಬೇಡಿ, ಎಲ್ಲ ಮನೆಯೂ ತಂಪಾಗಿಯೇ ಇರುತ್ತದೆ. ಸಂಜೆ ಐದಕ್ಕೆ ಬನ್ನಿ. ಪಡುವಣ ಗೋಡೆಯನ್ನು ಒಳಗಿನಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಕಾದಿದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇರೆ ಮನೆ ನೋಡಿ. ಮಹಡಿ ಮನೆಯೇ ಸಿಕ್ಕಿದರೆ ಮಾಲೀಕರನ್ನು ಕೇಳಿ ಮೇಲೆ ಬಿಳಿ ಸುಣ್ಣ ಹೊಡೆಸಿಕೊಳ್ಳಿ. ನೀರಿನ ಟ್ಯಾಂಕಿಗೆ ನೆರಳು ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಮಧ್ಯಾಹ್ನ ನಲ್ಲಿಯಲ್ಲಿ ಕುದಿ ನೀರು ಬರುತ್ತದೆ, ಮಗುವಿನ ಕೈ ಸುಟ್ಟೀತು.