ಏರುದಾರಿಯಲ್ಲಿ ಮಾತ್ರ ಅದುರುವ ಕಾರು: ಕಾರಣ ಪತ್ತೆ ಮಾಡುವುದು ಹೇಗೆ?

ಪ್ರಶ್ನೆ (ಸಕಲೇಶಪುರದಿಂದ):

ನನ್ನದು ನಾಲ್ಕು ಸಿಲಿಂಡರಿನ, ಮ್ಯಾನುಯಲ್ ಗೇರಿನ ಪೆಟ್ರೋಲ್ ಕಾರು. ಇಂಜಿನ್ನಿನ ಎಳೆತ ಮುಂದಿನ ಚಕ್ರಗಳಿಗೆ. ಮನೆಮಂದಿಯೆಲ್ಲ ಕುಳಿತು, ಸಾಮಾನನ್ನೂ ಹೇರಿಕೊಂಡು ಶಿರಾಡಿ ಘಾಟಿ ಹತ್ತುವಾಗ, ಮೂರನೆಯ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ಆಸುಪಾಸಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಡೀ ಕಾರು ಮೈಕೊಡವಿದಂತೆ ಅದುರುತ್ತದೆ. ಕಾಲು ಸಡಿಲಿಸಿದ ಕೂಡಲೇ ನಿಂತುಹೋಗುತ್ತದೆ. ಹಾಸನದ ಕಡೆಯ ಸಮತಟ್ಟಾದ ರಸ್ತೆಯಲ್ಲಿ 90 ದಾಟಿದರೂ ಏನೂ ಇಲ್ಲ. ವ್ಹೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಆಗಿವೆ. ಗ್ಯಾರೇಜಿಗೆ ಒಯ್ದಾಗ ಮಾತ್ರ ಕಾರು ಸುಮ್ಮನಿರುತ್ತದೆ. ಇಂಜಿನ್ ಮೌಂಟ್‌ಗಳನ್ನೆಲ್ಲ (ಇಂಜಿನ್ನನ್ನು ಹಿಡಿದಿಡುವ ರಬ್ಬರ್ ಆಧಾರಗಳನ್ನು) ಬದಲಿಸಿ ನೋಡೋಣ ಎಂಬುದು ಅಲ್ಲಿಯವರ ಸಲಹೆ. ಅಷ್ಟು ಖರ್ಚು ಮಾಡುವ ಮೊದಲು ಪರೀಕ್ಷಿಸಬಹುದಾದದ್ದು ಏನಾದರೂ ಇದೆಯೇ?

ಮೊದಲ ಉತ್ತರ:

ಚಕ್ರದ ಅಸಮತೋಲನವಾಗಿದ್ದರೆ ಸಮತಟ್ಟಿನಲ್ಲೇ, ಸಾಮಾನ್ಯವಾಗಿ 80ರ ಮೇಲೆ, ಸ್ಟಿಯರಿಂಗ್ ನಡುಗುತ್ತಿತ್ತು. ಮಲೆನಾಡಿನಲ್ಲಿ ರಿಮ್ಮಿನ ಒಳಮೈಗೆ ಕೆಸರು ಮೆತ್ತಿಕೊಂಡು ಒಣಗಿ, ಒಂದು ದಿನ ತಾನಾಗಿಯೇ ಉದುರಿಹೋಗಿ ಎಲ್ಲರನ್ನೂ ಗೊಂದಲಕ್ಕೆ ಕೆಡವುವುದುಂಟು. ಆದರೆ ಅದಕ್ಕೂ ಆಕ್ಸಿಲರೇಟರಿಗೂ ಸಂಬಂಧವಿಲ್ಲ. ನಿಮ್ಮ ನಡುಕ ಎಳೆತದ ಭಾರವನ್ನು ಅನುಸರಿಸುತ್ತಿದೆ. ಆದ್ದರಿಂದ ನನ್ನ ಮೊದಲ ಅನುಮಾನ ಗೇರ್ ಬಾಕ್ಸಿನಿಂದ ಚಕ್ರಕ್ಕೆ ಎಳೆತ ಒಯ್ಯುವ ಆಕ್ಸಲ್‌ನ ಒಳಗಿನ ಜಾಯಿಂಟ್, ಅಂದರೆ ಗೇರ್ ಬಾಕ್ಸಿನ ಪಕ್ಕದಲ್ಲಿರುವ ಸಿ.ವಿ. ಜಾಯಿಂಟ್ (ಆಕ್ಸಲ್ ಬಾಗಿದ ಕೋನದಲ್ಲೂ ತಿರುಗಲು ಬಿಡುವ ಕೀಲು). ಹೆಚ್ಚಿನ ಕಾರುಗಳಲ್ಲಿ ಅದರ ಬಟ್ಟಲಿನೊಳಗೆ ಮೂರು ರೋಲರುಗಳು ಮೂರು ಹಾದಿಗಳಲ್ಲಿ ಹಿಂದೆಮುಂದೆ ಜಾರುತ್ತಿರುತ್ತವೆ. ಆ ಹಾದಿ ಸವೆದು ಗುಳಿಬಿದ್ದರೆ, ಭಾರ ಬಿದ್ದಾಗ ರೋಲರುಗಳು ಸರಾಗವಾಗಿ ಜಾರದೆ ಕಾರನ್ನು ಅಡ್ಡಡ್ಡಲಾಗಿ ತಳ್ಳುತ್ತವೆ. ಹಿಂದೆ ಜನ ಕುಳಿತು ಏರು ಹತ್ತುವಾಗ ಕಾರಿನ ಮೂತಿ ತುಸು ಮೇಲೇಳುವುದರಿಂದ ಜಾಯಿಂಟಿನ ಕೋನವೂ ಹೆಚ್ಚುತ್ತದೆ. ಒಬ್ಬರೇ ಕುಳಿತು ಗ್ಯಾರೇಜಿನ ಸುತ್ತ ಓಡಿಸಿದರೆ ದೋಷ ಕಾಣಿಸದಿರುವುದಕ್ಕೆ ಇದೇ ಕಾರಣವಿರಬಹುದು. ತಿರುವಿನಲ್ಲಿ ಟಕಟಕ ಸದ್ದು ಬರುವುದು ಚಕ್ರದ ಪಕ್ಕದ ಹೊರಗಿನ ಜಾಯಿಂಟ್ ಸವೆದಾಗ, ಆ ಸದ್ದಿಗಾಗಿ ಇಲ್ಲಿ ಕಾಯಬೇಡಿ.

ಎರಡನೆಯ ಉತ್ತರ:

ಇಷ್ಟು ಬೇಗ ಜಾಯಿಂಟಿನ ಮೇಲೆ ಬೆರಳು ತೋರಿಸುವುದು ಸರಿಯಲ್ಲ. ಸಿಲಿಂಡರಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಸವೆದಿದ್ದರೆ, ಅಥವಾ ಅದಕ್ಕೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾದಾಗ ಕೈಕೊಡುತ್ತಿದ್ದರೆ, ಅದು ಕೂಡ ಏರಿನಲ್ಲೇ ತನ್ನ ಗುಣ ತೋರಿಸುತ್ತದೆ. ಕೈಕಾಲಿಗೆ ತಾಗುವ ಅದುರುವಿಕೆಯಿಂದ ಜಾಯಿಂಟಿನ ದೋಷವನ್ನೂ ಇಂಜಿನ್ನಿನ ಈ ದೋಷವನ್ನೂ ಬೇರ್ಪಡಿಸುವುದು ಏಕೆ ಕಷ್ಟ ಎಂಬುದನ್ನು ಲೆಕ್ಕ ಹಾಕಿ ನೋಡಿ. ಸುತ್ತಳತೆ ಸುಮಾರು 1.95 ಮೀಟರ್ ಇರುವ 185/65 ಆರ್15 ಟೈರು 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 8.5 ಸುತ್ತು ತಿರುಗುತ್ತದೆ. ಮೂರು ರೋಲರುಗಳಿಂದ ಸುಮಾರು 25 ಅದುರು. ಅದೇ ಹೊತ್ತಿಗೆ 3,000 ಆರ್‌ಪಿಎಮ್‌ನಲ್ಲಿರುವ (ನಿಮಿಷಕ್ಕೆ 3,000 ಸುತ್ತು) ಇಂಜಿನ್ನಿನ ಒಂದು ಸಿಲಿಂಡರ್ ಉರಿಯದೆ ಹೋದರೆ, ಎರಡು ಸುತ್ತಿಗೊಮ್ಮೆ ಎಂಬಂತೆ, ಅಲ್ಲಿಯೂ ಸೆಕೆಂಡಿಗೆ 25! ಹೀಗಾಗಿ ಅದೇ ಏರಿನಲ್ಲಿ ಅದೇ ವೇಗವನ್ನು ನಾಲ್ಕನೆಯ ಗೇರಿನಲ್ಲಿ ಕಾಯ್ದುಕೊಂಡು ನೋಡಿ; ಚಕ್ರದ ಸುತ್ತು ಹಾಗೆಯೇ ಇದ್ದು ಇಂಜಿನ್ನಿನ ಸುತ್ತು ಮಾತ್ರ ಇಳಿಯುತ್ತದೆ. ನಡುಕದ ಲಯ ಬದಲಾಗದಿದ್ದರೆ ತಪ್ಪು ಗೇರ್ ಬಾಕ್ಸಿನಿಂದಾಚೆ, ಅಂದರೆ ಆಕ್ಸಲ್ ಮತ್ತು ಚಕ್ರಗಳ ಕಡೆ. ನಿಧಾನವಾದರೆ ಇಂಜಿನ್ನಿನ ಕಡೆ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ಈ ಪ್ರಯೋಗ ಬೇಡ, ಏಕೆಂದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ನಾಲ್ಕನೆಯ ಗೇರಿನಲ್ಲಿಯೂ ಲಯ ಹಾಗೆಯೇ ಇದೆ, ಅಲುಗಾಟ ಎಡಬಲಕ್ಕೆ ಎಂಬುದೂ ಹಿಂದೆ ಕುಳಿತವರಿಗೆ ಸ್ಪಷ್ಟವಾಯಿತು. ಸ್ಕ್ಯಾನರಿನಲ್ಲಿ ಮಿಸ್‌ಫೈರ್ (ಸಿಲಿಂಡರ್ ಉರಿಯದೆ ಹೋದದ್ದು) ದಾಖಲಾಗಿಲ್ಲ. ಆದರೆ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್ ಎಲ್ಲಿಯೂ ಹರಿದಿಲ್ಲವಾದ್ದರಿಂದ ಜಾಯಿಂಟ್ ಚೆನ್ನಾಗಿದೆ ಎಂದು ಗ್ಯಾರೇಜಿನವರು ವಾದಿಸುತ್ತಿದ್ದಾರೆ.

ಮೊದಲ ಉತ್ತರ ಬರೆದವರು:

ಬೂಟ್ ಹರಿದರೆ ಜಾಯಿಂಟ್ ಬೇಗ ಹಾಳಾಗುತ್ತದೆ ಎಂಬುದು ನಿಜ. ಹರಿಯದಿದ್ದರೆ ಹಾಳಾಗುವುದೇ ಇಲ್ಲ ಎಂಬುದು ನಿಜವಲ್ಲ. ಬೂಟ್ ಬಿಚ್ಚಿಸಿ, ಗ್ರೀಸ್ ಒರೆಸಿ, ಬಟ್ಟಲಿನೊಳಗೆ ರೋಲರ್ ಓಡಾಡುವ ಹಾದಿಯ ಮೇಲೆ ಉಗುರು ಆಡಿಸಿ ನೋಡಲು ಹೇಳಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಯಿದ್ದರೆ ಜಾಯಿಂಟ್ ಬದಲಿಸಬೇಕು; ಹೊಸ ಗ್ರೀಸ್ ತುಂಬಿದರೆ ನಡುಕ ಕೆಲಕಾಲ ಅಡಗಿ ಮತ್ತೆ ಬರುತ್ತದೆ. ಆಕ್ಸಲ್ ಹೊರತೆಗೆದಾಗ ಗೇರ್ ಆಯಿಲ್ ಸೋರುವುದರಿಂದ ಅದರ ಮಟ್ಟವನ್ನು ಸರಿಪಡಿಸಿ, ಆಯಿಲ್ ಸೀಲನ್ನೂ ಜೊತೆಯಲ್ಲೇ ಹೊಸದು ಹಾಕಿಸಿ. ಮೌಂಟ್‌ಗಳ ವಿಚಾರ ಅದಾದ ಮೇಲೂ ನಡುಕ ಉಳಿದರೆ ನೋಡೋಣ.